ಬರ ಕಲಿಸಿದ ಊಟ

ಒಬ್ಬರು ಆಸೆಯಿಂದ ಉಣ್ಣುವ ಅಡಿಗೆ ಇನ್ನೊಬ್ಬರಿಗೆ ಸೇರುವುದಿಲ್ಲ. ನಾಲಗೆಯ ಭೇದವೆಂದು ಹೇಳಿ ನಾವು ಸುಮ್ಮನಾಗುತ್ತೇವೆ. ಆದರೆ ನಾಲಗೆಗೂ ಒಂದು ಪೂರ್ವಕಥೆ ಉಂಟು. ಹಸಿವು, ಬಡತನ, ಬರಗಳು ಮನೆಬಿಟ್ಟು ಹೋದ ಮೇಲೂ ಗಂಗಾಳದಲ್ಲಿ ತಮ್ಮ ಗುರುತನ್ನು ಉಳಿಸಿರುತ್ತವೆ. ಈ ಮಾತಿಗೆ ನಿದರ್ಶನವನ್ನು ನಮ್ಮ ಹಾವೇರಿ ಸೀಮೆಯಲ್ಲಿಯೇ ಕಾಣಬಹುದು.

1997ರಲ್ಲಿ ಪ್ರತ್ಯೇಕ ಜಿಲ್ಲೆಯಾಗುವ ಮುನ್ನ ಹಾವೇರಿ, ರಾಣೇಬೆನ್ನೂರು, ಬ್ಯಾಡಗಿಗಳು ಧಾರವಾಡ ಜಿಲ್ಲೆಗೆ ಸೇರಿದ್ದವು. ಮಳೆಯನ್ನು ನೆಚ್ಚಿದ ಈ ಸೀಮೆ 1791-92ರ ಡೋಗಿ ಬರವನ್ನು ಕಂಡಿತು. ಸತ್ತವರಿಗೆ ಮಣ್ಣು ಕೊಡುವವರಿಲ್ಲದೆ ತಲೆಬುರುಡೆಗಳು ಬಯಲಲ್ಲಿ ಉಳಿದುದನ್ನು ಆ ಹೆಸರು ನೆನಪಿಸುತ್ತದೆ. 1876ರಲ್ಲಿ ಮಳೆ ಮತ್ತೆ ಕೈಕೊಟ್ಟಿತು. ಧಾತು, ಈಶ್ವರ ಸಂವತ್ಸರಗಳ ಆ ಬರದಲ್ಲಿ ಧಾರವಾಡ ಜಿಲ್ಲೆಯೂ ನಲುಗಿತು. ನೆರೆಯ ಮೈಸೂರು ಸಂಸ್ಥಾನವಂತೂ ತನ್ನ ಪ್ರಜೆಗಳಲ್ಲಿ ಸುಮಾರು ಐದನೆಯ ಒಂದು ಪಾಲನ್ನು ಕಳೆದುಕೊಂಡಿತು.

ಇಂಥ ನೆಲದಲ್ಲಿ ಬದುಕಿದವರು ರುಚಿಗಿಂತ ಮೊದಲು ಬಾಳಿಕೆಯನ್ನು ನೋಡಿದರು. ಅವರ ಹಗೇವನ್ನು ಗಮನಿಸಿರಿ. ಕಿರಿದಾದ ಬಾಯಿಯ ಆಳವಾದ ಕುಣಿ; ಒಳಗೆ ಹುಲ್ಲಿನ ಹೊದಿಕೆ; ಜೋಳ ತುಂಬಿದ ಮೇಲೆ ಬಾಯಿಗೆ ಕಲ್ಲು, ಕಲ್ಲಿನ ಮೇಲೆ ಮಣ್ಣು. ಕಾಳು ಉಸಿರಾಡಿ ಒಳಗಿನ ಪ್ರಾಣವಾಯುವನ್ನು ತೀರಿಸುವುದರಿಂದ ಅಲ್ಲಿ ಹುಳು ಬದುಕದು. ಹಗೇವನ್ನು ತೆರೆದ ಕೂಡಲೆ ಮನುಷ್ಯನೂ ಇಳಿಯುವಂತಿಲ್ಲ. ದೀಪವನ್ನು ಇಳಿಬಿಟ್ಟು, ಅದು ಆರದಿದ್ದರೆ ಮಾತ್ರ ಇಳಿಯಬೇಕು. ಹೀಗೆ ತೆಗೆದ ಜೋಳಕ್ಕೆ ಒಂದು ಬಗೆಯ ಮುಗ್ಗು ವಾಸನೆ ಇರುತ್ತದೆ. ಹೊಸಬರು ಮೂಗು ಮುಚ್ಚಿಕೊಳ್ಳುತ್ತಾರೆ. ಅದನ್ನೇ ಉಂಡು ಬೆಳೆದವರಿಗೆ ಅದು ಧೈರ್ಯದ ವಾಸನೆ. ದಿನಗಟ್ಟಲೆ ಕೆಡದ ಕಟಕ ರೊಟ್ಟಿ, ಶೇಂಗಾ ಚಟ್ನಿಪುಡಿ, ಒಣಗಿದ ಬ್ಯಾಡಗಿ ಮೆಣಸಿನಕಾಯಿ ಇವೆಲ್ಲ ಬರದಿಂದಲೇ ಹುಟ್ಟಿದವೆಂದು ಹೇಳಲಾಗದು; ನಾಳೆಯನ್ನು ಸಂಶಯದಿಂದ ನೋಡಿದವರಿಗೆ ಇವು ಒಪ್ಪಿದವೆಂದು ಹೇಳಬಹುದು.

ಇದೇ ಜಿಲ್ಲೆಯ ಬಾಡದಲ್ಲಿ ಹುಟ್ಟಿದ ಕನಕದಾಸರು ಇದನ್ನು ಬಲ್ಲವರಾಗಿದ್ದರು. ಅವರ ರಾಮಧಾನ್ಯ ಚರಿತೆಯಲ್ಲಿ ವ್ರೀಹಿಯೆಂಬ ಅಕ್ಕಿಗೂ ನರೆದಲೆಗನೆಂಬ ರಾಗಿಗೂ ಹಿರಿಮೆಯ ಜಗಳ ನಡೆಯುತ್ತದೆ. ಶ್ರೀರಾಮನು ಎರಡನ್ನೂ ಆರು ತಿಂಗಳು ಸೆರೆಯಲ್ಲಿಡುತ್ತಾನೆ. ಅಕ್ಕಿ ಕಂದುತ್ತದೆ, ರಾಗಿ ಗಟ್ಟಿಯಾಗಿ ಉಳಿದು ರಾಘವನ ಹೆಸರನ್ನು ಪಡೆಯುತ್ತದೆ. ಕೆಡದೆ ಉಳಿಯುವುದೇ ಇಲ್ಲಿ ಹಿರಿಮೆಯ ಅಳತೆಗೋಲು.

ಆದರೆ ಕಷ್ಟ ಎಲ್ಲರಿಗೂ ಒಂದೇ ಪಾಠವನ್ನು ಕಲಿಸುವುದಿಲ್ಲ. ಕಷ್ಟಕಾಲದ ಆಹಾರವನ್ನು ಕೆಲವರು ಬಿಡಲಾರದೆ ಅಪ್ಪಿಕೊಳ್ಳುತ್ತಾರೆ. ಕೆಲವರು ಅದರ ಮುಖ ನೋಡಲೂ ಒಲ್ಲರು. ಅಕ್ಕಿಯನ್ನು ಹಬ್ಬದ ದಿನ ಮಾತ್ರ ಕಂಡವರಿಗೆ ದಿನವೂ ಅನ್ನ ಉಣ್ಣುವುದೆಂದರೆ ಬಡತನವನ್ನು ದಾಟಿ ಬಂದಂತೆ. 2013ರಲ್ಲಿ ಅನ್ನಭಾಗ್ಯ ಯೋಜನೆ ಬಂದಾಗ ಪಡಿತರದ ಅಕ್ಕಿಗೆ ದೊರೆತ ಮನ್ನಣೆಯಲ್ಲಿ ಈ ಹಳೆಯ ಹಂಬಲದ ಪಾಲೂ ಇದ್ದಿರಬೇಕು. 2023ನ್ನು ವಿಶ್ವಸಂಸ್ಥೆ ಸಿರಿಧಾನ್ಯಗಳ ವರ್ಷವೆಂದು ಸಾರಿತು. ಮೊಮ್ಮಗ ಹೆಚ್ಚಿನ ಬೆಲೆ ತೆತ್ತು ನವಣೆ ತಂದರೆ, ಅಜ್ಜಿ ಗಂಗಾಳವನ್ನು ದೂರ ಸರಿಸುತ್ತಾಳೆ. ಅವನಿಗೆ ಅದು ಆರೋಗ್ಯ. ಅವಳಿಗೆ ಅಕ್ಕಿಯಿಲ್ಲದ ದಿನಗಳ ನೆನಪು.

ಹಸಿವು ಮನಸ್ಸನ್ನು ಹೇಗೆ ಹಿಡಿಯುತ್ತದೆಂಬುದಕ್ಕೆ ವಿಜ್ಞಾನದ ಸಾಕ್ಷಿಯೂ ಇದೆ. ಅಮೆರಿಕದ ಮಿನೆಸೋಟಾದಲ್ಲಿ 1944-45ರಲ್ಲಿ ಆನ್ಸೆಲ್ ಕೀಸ್ ಎಂಬ ವಿಜ್ಞಾನಿ, ತಾವಾಗಿ ಮುಂದೆ ಬಂದ 36 ತರುಣರನ್ನು ಆರು ತಿಂಗಳು ಅರೆಹೊಟ್ಟೆಯಲ್ಲಿಟ್ಟು ಪರೀಕ್ಷಿಸಿದರು. ಆ ತರುಣರಿಗೆ ಊಟದ್ದೇ ಧ್ಯಾನವಾಯಿತು. ಕೆಲವರು ಪಾಕಪುಸ್ತಕಗಳನ್ನು ಕೂಡಿಹಾಕಿದರು. ಮತ್ತೆ ಹೊಟ್ಟೆತುಂಬ ಊಟ ದೊರೆತಾಗಲೂ ಹಲವರಿಗೆ ತೃಪ್ತಿಯಾಗಲಿಲ್ಲ. ಆರು ತಿಂಗಳ ಹಸಿವೇ ಇಷ್ಟು ಮಾಡುವುದಾದರೆ, ಬಾಲ್ಯವೆಲ್ಲ ಹಸಿದವರ ಪಾಡೇನು?

ಆದ್ದರಿಂದ ತಂಗಳು ರೊಟ್ಟಿಯ ಚೂರನ್ನು ಬಟ್ಟೆಯಲ್ಲಿ ಕಟ್ಟಿಡುವ ಹಿರಿಯರನ್ನು ಕಂಡು ನಗಬಾರದು. ಸಕ್ಕರೆಕಾಯಿಲೆಯವರಿಗೆ ಅನ್ನವನ್ನು ಕಡಿಮೆ ಮಾಡಿರೆಂದು ವೈದ್ಯರು ಹೇಳಲೇಬೇಕು. ಆ ಮಾತು ಯುಕ್ತವೇ. ಆದರೆ ಜೀವಮಾನವೆಲ್ಲ ಅನ್ನಕ್ಕಾಗಿ ಕಾದವರಿಗೆ ಅದು ಗಳಿಸಿದ್ದನ್ನು ಕಸಿದುಕೊಂಡಂತೆ ಕೇಳಿಸೀತು. ಪಥ್ಯವನ್ನು ಹೇಳುವ ಮುನ್ನ, ಮನೆಯವರಾಗಲಿ ವೈದ್ಯರಾಗಲಿ, ಅವರು ಹಿಂದೆ ಏನನ್ನು ಉಂಡು ಬದುಕಿದರೆಂದು ಒಂದು ಗಳಿಗೆ ಕುಳಿತು ಕೇಳುವುದು ಒಳ್ಳೆಯದು.