ಗಣಕಯಂತ್ರದ ಪದಶೋಧನೆ

ದೊಡ್ಡದೊಂದು ಗ್ರಂಥದಲ್ಲಿ ಬೇಕಾದ ಪದವನ್ನು ಹುಡುಕುವುದು ಓದುಬರಹ ಬಲ್ಲವರೆಲ್ಲರಿಗೂ ಪರಿಚಿತವಾದ ಕೆಲಸ. ಪುಟದ ಮೇಲೆ ಕಣ್ಣು ಹಾಯುತ್ತದೆ. ಪದದ ಆಕಾರ ಕಂಡೊಡನೆ ಮನಸ್ಸು ಅದನ್ನು ಗುರುತಿಸುತ್ತದೆ. ಅರ್ಥವೂ ಜೊತೆಯಲ್ಲಿಯೇ ಹೊಳೆಯುತ್ತದೆ. ಗಣಕಯಂತ್ರಕ್ಕಾದರೋ ಕಣ್ಣಿಲ್ಲ, ಅರ್ಥದ ಅರಿವೂ ಇಲ್ಲ. ಆದರೂ ಲಕ್ಷಾಂತರ ಅಕ್ಷರಗಳ ನಡುವೆ ಅಡಗಿರುವ ಪದವನ್ನು ಅದು ಕ್ಷಣಮಾತ್ರದಲ್ಲಿ ತೋರಿಸಿಕೊಡುತ್ತದೆ. ಇದು ಹೇಗೆ ಸಾಧ್ಯ? ಅದು ಕೊಡುವ ಉತ್ತರವನ್ನು ಎಷ್ಟರ ಮಟ್ಟಿಗೆ ನಂಬಬಹುದು? ಇದನ್ನು ತಿಳಿಯಲು 'ಸಿ' ಎಂಬ ಗಣಕಭಾಷೆಯು ಅನುಸರಿಸುವ ವಿಧಾನವನ್ನು ಪರಿಶೀಲಿಸುವುದು ಸೂಕ್ತ.

'ಸಿ' ಭಾಷೆಯನ್ನು 1972ರ ಸುಮಾರಿಗೆ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಡೆನ್ನಿಸ್ ರಿಚಿ ಎಂಬ ವಿಜ್ಞಾನಿ ರೂಪಿಸಿದರು. ಯಂತ್ರದ ಸ್ಮೃತಿಕೋಶವು ಹೇಗಿದೆಯೋ ಹಾಗೆಯೇ ಅದನ್ನು ಬಳಸಿಕೊಳ್ಳುವುದು ಈ ಭಾಷೆಯ ವೈಶಿಷ್ಟ್ಯ. ಸ್ಮೃತಿಕೋಶವೆಂದರೆ ಸಾಲಾಗಿ ಕಟ್ಟಿದ ಪುಟ್ಟ ಮನೆಗಳ ಬೀದಿಯಂತೆ. ಪ್ರತಿಯೊಂದು ಮನೆಗೂ ಒಂದು ವಿಳಾಸವುಂಟು. ಪ್ರತಿಯೊಂದು ಮನೆಯಲ್ಲಿಯೂ ಒಂದು ಸಂಖ್ಯೆಯುಂಟು. ಈ ಮನೆಯನ್ನೇ 'ಬೈಟ್' ಎನ್ನುತ್ತಾರೆ. ಯಂತ್ರವು ಅಕ್ಷರಗಳನ್ನು ಅಕ್ಷರಗಳಾಗಿ ಅರಿಯದು. ಪ್ರತಿಯೊಂದನ್ನೂ ಒಂದು ಸಂಖ್ಯೆಯಾಗಿ ಅರಿಯುತ್ತದೆ. ಇಂಗ್ಲಿಷಿನ ದೊಡ್ಡಕ್ಷರ 'ಎ' ಅದಕ್ಕೆ 65. ಚಿಕ್ಕಕ್ಷರ 'ಎ' 97. ಹೀಗೆ ಒಂದರ ಪಕ್ಕದಲ್ಲೊಂದು ನಿಂತ ಅಕ್ಷರಸಂಖ್ಯೆಗಳ ಸಾಲಿಗೆ ಅಕ್ಷರಸರಣಿ ಎಂದು ಹೆಸರು.

ಸರಣಿಯು ಎಲ್ಲಿ ಮುಗಿಯುತ್ತದೆ ಎಂಬುದನ್ನು ಯಂತ್ರಕ್ಕೆ ತಿಳಿಸುವ ಬಗೆ ಯಾವುದು? 'ಸಿ' ಭಾಷೆಯಲ್ಲಿ ಸರಣಿಯ ಕೊನೆಯ ಅಕ್ಷರದ ಮುಂದಿನ ಮನೆಯಲ್ಲಿ ಸೊನ್ನೆಯನ್ನು ಇರಿಸುತ್ತಾರೆ. ಬರೆಹದಲ್ಲಿ ಕಾಣುವ ಸೊನ್ನೆ ಎಂಬ ಅಂಕಿಗೆ 48 ಎಂಬ ಬೇರೆ ಸಂಕೇತವಿರುವುದರಿಂದ ಇವೆರಡೂ ಬೆರೆತುಹೋಗುವ ಭಯವಿಲ್ಲ. ಈ ಅಂತ್ಯಸೂಚಕವೇ ಸರಣಿಯ ಗಡಿಕಲ್ಲು. ಅದು ತಪ್ಪಿಹೋದರೆ ಯಂತ್ರವು ನಿಲ್ಲಬೇಕಾದೆಡೆಯಲ್ಲಿ ನಿಲ್ಲದೆ, ಬೇರೊಂದು ಕಾರ್ಯಕ್ಕಾಗಿ ಮೀಸಲಾದ ಮನೆಗಳನ್ನೂ ಹೊಕ್ಕು ಓದತೊಡಗುತ್ತದೆ. ಆಗ ಕ್ರಮವಿಧಿ ಕುಸಿದು ಬೀಳಬಹುದು. ಗೋಪ್ಯವಾಗಿರಬೇಕಾದ ಮಾಹಿತಿ ಹೊರಬೀಳಲೂಬಹುದು.

ಇನ್ನು ಹುಡುಕುವ ಕ್ರಮ. 'ನವಕಮಲ' ಎಂಬ ಸರಣಿಯಲ್ಲಿ 'ಕಮಲ' ಎಂಬ ಪದವನ್ನು ಅರಸಬೇಕಾಗಿದೆ ಎಂದಿಟ್ಟುಕೊಳ್ಳಬಹುದು. ಮೊದಲು 'ಕಮಲ'ದ 'ಕ'ವನ್ನು 'ನ'ದ ಕೆಳಗಿರಿಸಿ ಹೋಲಿಸಬೇಕು, ಹೊಂದುವುದಿಲ್ಲ. ಒಂದು ಹೆಜ್ಜೆ ಸರಿದು 'ವ'ದೊಡನೆ ಹೋಲಿಸಬೇಕು, ಅದೂ ಹೊಂದುವುದಿಲ್ಲ. ಮತ್ತೊಂದು ಹೆಜ್ಜೆ ಸರಿದಾಗ ಮೂರು ಅಕ್ಷರಗಳೂ ಒಂದೊಂದಾಗಿ ಹೊಂದುತ್ತವೆ. ಒಟ್ಟು ಐದು ಹೋಲಿಕೆಗಳಲ್ಲಿ ಕೆಲಸ ಮುಗಿಯುತ್ತದೆ. ಈ ಕೆಲಸಕ್ಕಾಗಿ 'ಸ್ಟ್ರ್‌ಸ್ಟ್ರ್' ಎಂಬ ಸಿದ್ಧವಿಧಿಯೊಂದನ್ನು 1989ರಲ್ಲಿ ಅಮೆರಿಕದಲ್ಲಿ ಅಂಗೀಕೃತವಾದ 'ಸಿ' ಭಾಷೆಯ ಪ್ರಮಾಣದಲ್ಲಿ ಸೇರಿಸಲಾಗಿದೆ. ಅದು ಬರಿಯ 'ಉಂಟು' ಎಂದು ಹೇಳದೆ, ಪದವು ಆರಂಭವಾಗುವ ಮನೆಯ ವಿಳಾಸವನ್ನೇ ತಂದುಕೊಡುತ್ತದೆ. ಪದವು ಸಿಗದಿದ್ದರೆ ಯಾವ ಮನೆಗೂ ಸೇರದ ಶೂನ್ಯ ವಿಳಾಸವನ್ನು ಕೊಡುತ್ತದೆ. ಉತ್ತರವು ಶೂನ್ಯವೇ ಎಂದು ಪರೀಕ್ಷಿಸದೆ ಆ ವಿಳಾಸವನ್ನು ಅರಸಿ ಹೊರಟ ಕ್ರಮವಿಧಿಯು ಸಾಮಾನ್ಯವಾಗಿ ಅಲ್ಲಿಯೇ ಮುಗ್ಗರಿಸುತ್ತದೆ.

ಒಂದೊಂದೇ ಹೆಜ್ಜೆ ಸರಿಯುವ ಈ ವಿಧಾನ ಸರಳವಾದರೂ ಕೆಲವೊಮ್ಮೆ ಬಹಳ ದುಬಾರಿಯಾಗುತ್ತದೆ. ಸಾವಿರ 'ಅ'ಕಾರಗಳ ಸಾಲಿನಲ್ಲಿ, ಒಂಬತ್ತು 'ಅ'ಕಾರಗಳೂ ಕೊನೆಗೊಂದು 'ಆ'ಕಾರವೂ ಇರುವ ಹತ್ತು ಅಕ್ಷರಗಳ ಸರಣಿಯನ್ನು ಅರಸಿದರೆ, 991 ಸ್ಥಾನಗಳಲ್ಲಿ ಹತ್ತು ಹತ್ತು ಹೋಲಿಕೆಗಳಂತೆ 9,910 ಹೋಲಿಕೆಗಳು ವ್ಯರ್ಥವಾಗುತ್ತವೆ. 1977ರಲ್ಲಿ ಡೊನಾಲ್ಡ್ ಕ್ನೂತ್, ಜೇಮ್ಸ್ ಮೋರಿಸ್ ಮತ್ತು ವಾಘನ್ ಪ್ರ್ಯಾಟ್ ಎಂಬುವರು ಇದಕ್ಕೆ ಪರಿಹಾರವೊಂದನ್ನು ಪ್ರಕಟಿಸಿದರು. ಈಗಾಗಲೇ ಹೊಂದಿದ ಅಕ್ಷರಗಳನ್ನು ನೆನಪಿನಲ್ಲಿಟ್ಟುಕೊಂಡರೆ ಹಿಂದಿರುಗಿ ಓದುವ ಅಗತ್ಯವಿಲ್ಲವೆಂಬುದು ಅದರ ಸಾರ. ಇದರಿಂದ ಮೇಲಿನ ಕೆಲಸವು ಸುಮಾರು ಎರಡು ಸಾವಿರ ಹೋಲಿಕೆಗಳಲ್ಲಿ ಮುಗಿಯುತ್ತದೆ. ಅದೇ ವರ್ಷ ರಾಬರ್ಟ್ ಬೋಯರ್ ಮತ್ತು ಸ್ಟ್ರೋದರ್ ಮೂರ್ ಎಂಬುವರು ಪದವನ್ನು ಕೊನೆಯ ಅಕ್ಷರದಿಂದ ಹೋಲಿಸುವ ಉಪಾಯವನ್ನು ಹೊರತಂದರು. ಅದರಂತೆ 'ಕಮಲ'ದ 'ಲ'ವನ್ನು 'ನವಕಮಲ'ದ ಮೂರನೆಯ ಅಕ್ಷರವಾದ 'ಕ'ದೊಡನೆ ಹೋಲಿಸಬೇಕು. ಅವು ಹೊಂದುವುದಿಲ್ಲ, ಆದರೆ 'ಕ'ವು 'ಕಮಲ'ದ ಮೊದಲ ಅಕ್ಷರವೆಂಬುದು ತಿಳಿದಿರುವುದರಿಂದ ಒಮ್ಮೆಗೇ ಎರಡು ಹೆಜ್ಜೆ ಮುಂದೆ ಸರಿಯಬಹುದು. ಸೋತ ಹೋಲಿಕೆಯಿಂದಲೂ ಪಾಠ ಕಲಿಯುವುದೇ ಈ ಎರಡು ವಿಧಾನಗಳ ಜಾಣ್ಮೆ.

ಇಲ್ಲಿಯವರೆಗೆ ಒಂದು ಅಕ್ಷರಕ್ಕೆ ಒಂದು ಸಂಕೇತವೆಂದು ಭಾವಿಸಿದ್ದಾಯಿತು. ಕನ್ನಡದ ವಿಷಯದಲ್ಲಿ ಇದು ಯಾವಾಗಲೂ ನಿಜವಲ್ಲ. ಜಗತ್ತಿನ ಲಿಪಿಗಳಿಗೆಲ್ಲ ಸಂಕೇತಗಳನ್ನು ಗೊತ್ತುಮಾಡುವ ಯೂನಿಕೋಡ್ ವ್ಯವಸ್ಥೆಯಲ್ಲಿ 1991ರಲ್ಲಿಯೇ ಕನ್ನಡಕ್ಕೆ ಸ್ಥಾನ ದೊರೆಯಿತು. 1992ರಲ್ಲಿ ಕೆನ್ ಥಾಂಪ್ಸನ್ ಮತ್ತು ರಾಬ್ ಪೈಕ್ ರೂಪಿಸಿದ 'ಯೂಟಿಎಫ್-8' ಎಂಬ ಪದ್ಧತಿಯಲ್ಲಿ ಕನ್ನಡದ ಪ್ರತಿಯೊಂದು ಸಂಕೇತವೂ ಮೂರು ಬೈಟುಗಳನ್ನು ಆಕ್ರಮಿಸುತ್ತದೆ. 'ಕನ್ನಡ' ಎಂಬ ಪದವು ಕಣ್ಣಿಗೆ ಮೂರು ಅಕ್ಷರ. ಯಂತ್ರಕ್ಕೆ ಅದು ಕ, ನ, ವಿರಾಮಚಿಹ್ನೆ, ನ, ಡ ಎಂಬ ಐದು ಸಂಕೇತಗಳು. ಅಂತ್ಯಸೂಚಕವೂ ಸೇರಿ ಹದಿನಾರು ಬೈಟುಗಳು. ಒಂದು ಸಂಕೇತದ ಮೊದಲ ಬೈಟು ಮತ್ತೊಂದರ ನಡುವೆ ಎಂದೂ ಬಾರದಂತೆ ಈ ಪದ್ಧತಿಯನ್ನು ಹೆಣೆದಿರುವುದರಿಂದ, 'ಸ್ಟ್ರ್‌ಸ್ಟ್ರ್' ವಿಧಿಯು ಕನ್ನಡ ಪದಗಳನ್ನೂ ಹುಡುಕಬಲ್ಲದು.

ಆದರೂ ಎರಡು ತೊಡಕುಗಳಿವೆ. 'ಮರ' ಎಂಬ ಪದವನ್ನು ಅರಸಿದರೆ ಯಂತ್ರವು 'ಅಮರ', 'ಸಮರ', 'ಮರಾಠಿ' ಎಂಬ ಪದಗಳಲ್ಲಿಯೂ ಅದನ್ನು ಕಾಣುತ್ತದೆ. ಪದದ ಗಡಿಯನ್ನು ಬಲ್ಲವನು ಮನುಷ್ಯನೇ ಹೊರತು ಯಂತ್ರವಲ್ಲ. ಎರಡನೆಯದು ಇದಕ್ಕಿಂತ ಗಹನವಾದುದು. 'ಕೋಟೆ' ಎಂಬುದರ 'ಓ'ಕಾರದ ಚಿಹ್ನೆಯನ್ನು ಒಂದೇ ಸಂಕೇತವಾಗಿಯೂ ಬರೆಯಬಹುದು, ಬಿಡಿಬಿಡಿಯಾದ ಮೂರು ಸಂಕೇತಗಳನ್ನು ಕೂಡಿಸಿಯೂ ಬರೆಯಬಹುದು. ಕಣ್ಣಿಗೆ ಎರಡೂ ಒಂದೇ. ಯಂತ್ರಕ್ಕೆ ಎರಡೂ ಬೇರೆ. ಯಾದಿಯಲ್ಲಿ ಒಬ್ಬರ ಹೆಸರು ಒಂದು ರೀತಿಯಲ್ಲಿದ್ದು, ಹುಡುಕುವವರು ಇನ್ನೊಂದು ರೀತಿಯಲ್ಲಿ ಬರೆದರೆ, ಹೆಸರು ಇದ್ದೂ 'ಇಲ್ಲ' ಎಂಬ ಉತ್ತರ ಬರುತ್ತದೆ. ಹೊಲದ ದಾಖಲೆಯೋ ಮತದಾರರ ಪಟ್ಟಿಯೋ ಆಗಿದ್ದಲ್ಲಿ ಈ ಒಂದು ಮಾತಿನಿಂದ ಆಗಬಹುದಾದ ಅನ್ಯಾಯ ಅಲ್ಪವಲ್ಲ. ಆದುದರಿಂದ ಹುಡುಕುವ ಮೊದಲು ಎರಡು ಸರಣಿಗಳನ್ನೂ ಏಕರೂಪಕ್ಕೆ ತರಬೇಕು. ಅದಕ್ಕೆ ತಕ್ಕ ನಿಯಮಗಳನ್ನು ಯೂನಿಕೋಡ್ ವ್ಯವಸ್ಥೆಯೇ ಒದಗಿಸಿದೆ.

ಯಂತ್ರದ 'ಇಲ್ಲ' ಎಂಬ ಉತ್ತರಕ್ಕೆ ಒಂದೇ ಅರ್ಥ: ಕೊಟ್ಟ ಸಂಖ್ಯೆಗಳ ಸಾಲು, ತೋರಿಸಿದ ಎಲ್ಲೆಯೊಳಗೆ, ಅದೇ ಕ್ರಮದಲ್ಲಿ ಸಿಗಲಿಲ್ಲ. ಯಾವುದನ್ನು ಹುಡುಕಬೇಕು, ಎಲ್ಲಿಯವರೆಗೆ ಹುಡುಕಬೇಕು, ಸಿಗದಿದ್ದರೆ ಏನು ಮಾಡಬೇಕು ಎಂಬ ಮೂರನ್ನೂ ಗೊತ್ತುಮಾಡಬೇಕಾದವನು ಕ್ರಮವಿಧಿಯನ್ನು ಬರೆಯುವ ಮನುಷ್ಯ. ವೇಗವು ಯಂತ್ರದ್ದು, ವಿವೇಕ ಅವನದು.