ಬೆಲ್ಟ್ ಇದೆ, ಕೊಕ್ಕೆ ಎಲ್ಲಿಗೆ?

ಬೆಂಗಳೂರಿನ ಸರ್ಜಾಪುರ ರಸ್ತೆಯಲ್ಲಿ ಏಳುತ್ತಿರುವ ಒಂದು ಅಪಾರ್ಟ್‌ಮೆಂಟ್. ಗೇಟಿನಲ್ಲೇ ತಲೆಗೆ ಹೆಲ್ಮೆಟ್ ಹಾಕಿ, ರಿಜಿಸ್ಟರಿಗೆ ಸಹಿ ಮಾಡಿಸಿಕೊಂಡರು. ಎಚ್ಚರಿಕೆಯ ಬೋರ್ಡು ಕನ್ನಡ, ಇಂಗ್ಲಿಷಿನಲ್ಲಿದೆ. ಒಳಗೆ ಕಿವಿಗೆ ಬೀಳುವುದು ಒಡಿಯಾ, ಬಂಗಾಳಿ, ನಡುನಡುವೆ ಯಾದಗಿರಿ ಕಡೆಯ ಕನ್ನಡ.

ಮೂರನೇ ಮಹಡಿಗೆ ಹತ್ತಿದೆವು. ಜೊತೆಗಿದ್ದ ಸೇಫ್ಟಿ ಆಫೀಸರ್ ಮೊದಲು ತೋರಿಸಿದ್ದು ಅಂಚನ್ನಲ್ಲ, ನಡುಮನೆಯ ಡಕ್ಟನ್ನು. ಪೈಪು ಇಳಿಸಲು ಸ್ಲ್ಯಾಬಿನಲ್ಲಿ ಬಿಟ್ಟ ಕಿಂಡಿ ಅದು. ಮೇಲೆ ಪ್ಲೈವುಡ್ ಮುಚ್ಚಿ, ನಾಲ್ಕೂ ಮೂಲೆಗೆ ಮೊಳೆ ಹೊಡೆದು, ಕೆಂಪು ಬಣ್ಣ ಬಳಿದಿದ್ದರು. ಮೊಳೆ ಇಲ್ಲದಿದ್ದರೆ ಏನಾಗುತ್ತದೆಂದು ಅವರೇ ನಟಿಸಿ ತೋರಿಸಿದರು. ಸೆಂಟ್ರಿಂಗಿನವನಿಗೆ ಹಲಗೆ ಬೇಕು. ಬಿದ್ದಿರುವ ಪ್ಲೈ ಕಣ್ಣಿಗೆ ಬೀಳುತ್ತದೆ. ಎರಡೂ ಕೈಯಲ್ಲಿ ಎತ್ತಿ ಎದೆಗಾನಿಸಿಕೊಂಡು ಒಂದು ಹೆಜ್ಜೆ ಮುಂದಿಡುತ್ತಾನೆ. ಹಲಗೆ ಅಡ್ಡ ಇರುವುದರಿಂದ ಕಾಲ ಮುಂದಿನ ಕಿಂಡಿ ಕಾಣುವುದೇ ಇಲ್ಲ.

ಅಂಚಿನಲ್ಲಿ ಒಬ್ಬ ಹುಡುಗ ಶೀಟು ಬಿಗಿಯುತ್ತಿದ್ದ. ಬೆಲ್ಟ್ ಸರಿಯಾಗಿಯೇ ಇತ್ತು, ತೊಡೆಪಟ್ಟಿ ಸಮೇತ. ಕೊಕ್ಕೆ ಮಾತ್ರ ಪಾದದ ಬಳಿ, ಕಾಲಮ್ಮಿಗೆ ಬಿಟ್ಟ ಕಂಬಿಯ ಬುಡಕ್ಕೆ. ಲೆಕ್ಕ ಹಾಕಿ ನೋಡಿ: ಹಗ್ಗ 1.8 ಮೀಟರ್, ಬೆನ್ನ ಮೇಲಿನ ಬಳೆ ನೆಲದಿಂದ ಸುಮಾರು 1.4 ಮೀಟರ್. ಜಾರಿದರೆ ಹಗ್ಗ ಬಿಗಿಯುವ ಹೊತ್ತಿಗೆ 3.2 ಮೀಟರ್ ಕೆಳಗಿಳಿದಿರುತ್ತಾನೆ. ಮಹಡಿಯ ಎತ್ತರವೇ 3 ಮೀಟರ್. ಕೆಳಗೆ ಬಾಲ್ಕನಿಯ ಸ್ಲ್ಯಾಬ್ ಚಾಚಿಕೊಂಡಿದೆ. ಅಂದರೆ ಆ ಬೆಲ್ಟು ಇದ್ದೂ ಇಲ್ಲದಂತೆ. ಸಾಲದ್ದಕ್ಕೆ ಕಂಬಿಯ ಮೇಲ್ತುದಿ ತೆರೆದಿದೆ, ಎಳೆತಕ್ಕೆ ಕೊಕ್ಕೆ ಜಾರಿ ಹೊರಬರಬಹುದು. ಎರಡು ಕಾಲಮ್ಮುಗಳ ನಡುವೆ ತಲೆಮಟ್ಟದಲ್ಲಿ ಉಕ್ಕಿನ ಹಗ್ಗ ಎಳೆದು ಅದಕ್ಕೆ ಹಾಕಿದ್ದರೆ ಬೀಳುವ ದೂರ ಅರ್ಧಕ್ಕಿಂತ ಕಡಿಮೆ. ಪಕ್ಕದ ಅಂಕಣದಲ್ಲಿ ಎಳೆದೂ ಇದ್ದರು. ಇಲ್ಲಿ ಯಾಕಿಲ್ಲ ಎಂದು ಕೇಳಿದ್ದಕ್ಕೆ ಬಂದ ಉತ್ತರ, ‘ನಾಳೆ ಹಾಕ್ತಾರೆ.’ ಕೆಲಸ ಮಾತ್ರ ಇವತ್ತಿನದು. ಈ ತಂಡಕ್ಕೆ ಕೂಲಿ ಚದರಡಿ ಲೆಕ್ಕದಲ್ಲಿ. ಕೊಕ್ಕೆ ಬಿಚ್ಚಿ ಹಾಕುವ ಹೊತ್ತಿಗೆ ಯಾರೂ ದುಡ್ಡು ಕೊಡುವುದಿಲ್ಲ. ಹುಡುಗನನ್ನು ಬೈಯುವುದು ಸುಲಭ, ನನಗೆ ಬೈಯಬೇಕೆನಿಸಲಿಲ್ಲ.

ಇಷ್ಟಾದರೂ ಇಲ್ಲಿ ಕೇಳುವವರೊಬ್ಬರಿದ್ದಾರೆ. ಎದುರು ಬೀದಿಯ ಮನೆಗೆ ಅದೂ ಇಲ್ಲ. ಸರ್ವೆ ಮರಗಳನ್ನು ಹಗ್ಗದಲ್ಲಿ ಕಟ್ಟಿದ ಸಾರ್ವೆ, ನಿಲ್ಲಲು ಒಂದೇ ಹಲಗೆ, ಅದರ ಮೇಲೆ ಹವಾಯಿ ಚಪ್ಪಲಿಯ ಇಬ್ಬರು ಗಾರೆಯವರು. ಕೆಳಗಿನಿಂದ ಒಬ್ಬಾಕೆ ಬಾಂಡ್ಲಿ ಎತ್ತಿಕೊಡುತ್ತಿದ್ದಳು. 2025ರವರೆಗೆ ಜಾರಿಯಲ್ಲಿದ್ದ 1996ರ ಕಟ್ಟಡ ಕಾರ್ಮಿಕರ ಕಾಯ್ದೆ ಸುರಕ್ಷತಾ ಸಮಿತಿ, ಸುರಕ್ಷತಾಧಿಕಾರಿ ಇರಬೇಕೆಂದದ್ದು 500 ಅಥವಾ ಅದಕ್ಕೂ ಹೆಚ್ಚು ಜನ ದುಡಿಯುವ ಕಡೆ. ಹತ್ತು ಜನರೂ ಇಲ್ಲದ ಇಂಥ ಕಡೆಗೆ ಆ ಕಾಯ್ದೆ ಕಾಲಿಟ್ಟಿದ್ದೇ ಇಲ್ಲ.

‘ಬೆಲ್ಟ್ ಇಲ್ವಾ ಮೇಸ್ತ್ರಿ?’

‘ಒಂದೈತೆ ಸಾರ್, ಶೆಡ್ಡಲ್ಲಿ. ಹಾಕ್ಕೊಂಡು ಕೊಕ್ಕೆ ಎಲ್ಲಿಗೆ ಸಿಗಾಕ್ಸೋದು? ಈ ಮರಕ್ಕಾ?’

ಅವರು ಹೇಳಿದ್ದು ಸರಿ. ಇಲ್ಲಿ ಬೇಕಿರುವುದು ಬೆಲ್ಟಲ್ಲ; ಇನ್ನೊಂದು ಹಲಗೆ, ಸೊಂಟದೆತ್ತರಕ್ಕೆ ಅಡ್ಡಗಂಬಿ, ಸಾರ್ವೆಯನ್ನು ಗೋಡೆಗೆ ಹಿಡಿದಿಡುವ ಕಟ್ಟು. ಕಬ್ಬಿಣದ ಸಾರ್ವೆ ಮುಖ್ಯರಸ್ತೆಯ ಅಂಗಡಿಯಲ್ಲಿ ದಿನಬಾಡಿಗೆಗೇ ಸಿಗುತ್ತದೆ. ಮನೆಯವರನ್ನು ಕೇಳಿದಿರಾ ಎಂದೆ. ಕೇಳಿದ್ದರಂತೆ. ಪ್ಲಾಸ್ಟರಿಂಗ್ ಇನ್ನೆರಡು ದಿನ ತಾನೆ, ಇದರಲ್ಲೇ ಮುಗಿಸಿ ಅಂದರಂತೆ.