ಒಂದು ದಿನದ ದಾರಿಗೆ ಹೆಗಲಚೀಲ

ಗದಗದ ಪಕ್ಕದ ಬಿಂಕದಕಟ್ಟಿಯಿಂದ ಶುರುವಾಗಿ, ಶಿರಹಟ್ಟಿ ಮತ್ತು ಮುಂಡರಗಿ ತಾಲ್ಲೂಕುಗಳನ್ನು ಹಾಯ್ದು, ತುಂಗಭದ್ರೆಯ ದಂಡೆಯ ಸಿಂಗಟಾಲೂರಿನವರೆಗೆ ಕಪ್ಪತಗುಡ್ಡದ ಸಾಲು ಸುಮಾರು 60 ಕಿ.ಮೀ. ಚಾಚಿಕೊಂಡಿದೆ. ಇದನ್ನು ಒಂದೇ ಏಟಿಗೆ ನಡೆದು ಮುಗಿಸುವ ಹಟ ಬೇಕಿಲ್ಲ. ಉದ್ದದ ದಾರಿಯ ಒಂದು ತುಣುಕನ್ನು ಬೆಳಿಗ್ಗೆ ಹಿಡಿದು, ಹೊತ್ತು ಮುಳುಗುವುದರೊಳಗೆ ಬಸ್ಸು ಹತ್ತುವುದೂ ನಡಿಗೆಯೇ. ಅಮೆರಿಕದ ಅಪಲಾಚಿಯನ್ ಕಾಲುದಾರಿ 3,500 ಕಿ.ಮೀ. ಉದ್ದವಿದೆ, ಅಲ್ಲಿಗೆ ಹೋಗುವವರಲ್ಲೂ ಬಹುಪಾಲು ಮಂದಿ ಸಂಜೆಗೆ ಮನೆ ಸೇರುವವರೇ.

ಹೊರಡುವ ಮೊದಲು ಒಂದು ಕಾಗದದ ಕೆಲಸವಿದೆ. 2015ರಲ್ಲಿ ಕಪ್ಪತಗುಡ್ಡ ಸಂರಕ್ಷಿತ ಪ್ರದೇಶವಾಯಿತು. ಮರುವರ್ಷ ಸರ್ಕಾರ ಆ ಘೋಷಣೆಯನ್ನು ಹಿಂದೆಗೆದುಕೊಂಡಾಗ ಗದಗಿನ ತೋಂಟದ ಸಿದ್ಧಲಿಂಗ ಸ್ವಾಮೀಜಿಯವರ ಮುಂದಾಳತ್ವದಲ್ಲಿ ಜನ ಬೀದಿಗಿಳಿದರು. 2017ರಲ್ಲಿ ಘೋಷಣೆ ಮರಳಿತು, 2019ರಲ್ಲಿ ಸುಮಾರು 244 ಚದರ ಕಿ.ಮೀ. ವನ್ಯಜೀವಿಧಾಮವಾಯಿತು. ಹಾಗಾಗಿ ಕಪ್ಪತ ಮಲ್ಲೇಶ್ವರನ ಗುಡಿಯ ದಾರಿ ಬಿಟ್ಟು ಕಾಡೊಳಗೆ ಕಾಲಿಡುವವರು ಮೊದಲು ಅರಣ್ಯ ಇಲಾಖೆಯ ಅನುಮತಿ ಪಡೆಯಬೇಕು. 1972ರ ವನ್ಯಜೀವಿ ಕಾಯ್ದೆ ಹೇಳುವುದೂ ಅದನ್ನೇ.

ಇನ್ನು ಚೀಲದ ಮಾತು. ಪಶ್ಚಿಮ ಘಟ್ಟದ ಚಾರಣಕ್ಕೆಂದು ಬರೆದ ಪಟ್ಟಿಯನ್ನು ಇಲ್ಲಿಗೆ ತಂದರೆ ಅರ್ಧ ಸಾಮಾನು ದಂಡ. ಜಿಗಣೆ ತಡೆಯುವ ಕಾಲುಚೀಲ ಇಲ್ಲಿ ಯಾರಿಗೆ ಬೇಕು? ಇದು ಕುರುಚಲು ಕಾಡು, ಹುಲ್ಲು, ಕಲ್ಲು, ಗಾಳಿಯ ನಾಡು. ಮಳೆಗಾಲದಲ್ಲಿ ಹರಿದ ಹಳ್ಳಗಳು ಬೇಸಿಗೆಗೆ ಬರೀ ಉಸುಕು. ಆದ್ದರಿಂದ ಇಲ್ಲಿಯ ಚೀಲದಲ್ಲಿ ಮೊದಲ ಜಾಗ ನೀರಿಗೆ. ಉಳಿದದ್ದೆಲ್ಲ ಆಮೇಲೆ ಸಿಕ್ಕ ಸಂದಿಯಲ್ಲಿ.

ಎಷ್ಟು ನೀರು? ಬಿಸಿಲಲ್ಲಿ ನಡೆಯುವವರಿಗೆ ತಾಸಿಗೆ ಅರ್ಧ ಲೀಟರ್ ಬೇಕು, ಏರು ದಾರಿಯಾದರೆ ಇನ್ನಷ್ಟು. ಆರು ತಾಸಿನ ನಡಿಗೆಗೆ 3ರಿಂದ 4 ಲೀಟರ್ ಆಯಿತು. ಒಂದು ಲೀಟರ್ ಅಂದರೆ ಒಂದು ಕೆ.ಜಿ. ನಾಲ್ಕು ಕೆ.ಜಿ. ನೀರು ಹೊತ್ತ ಮೇಲೆ ದಪ್ಪ ಕ್ಯಾಮೆರಾ, ಎರಡನೆಯ ಜೊತೆ ಬಟ್ಟೆ, ಸ್ಪೀಕರು ಎಲ್ಲವೂ ತಾವಾಗಿಯೇ ಮನೆಯಲ್ಲಿ ಉಳಿಯುತ್ತವೆ. ಸ್ಪೀಕರು ಉಳಿದರೆ ನವಿಲುಗಳಿಗೂ ಉಪಕಾರ. ಒಂದೇ ದೊಡ್ಡ ಕ್ಯಾನಿಗಿಂತ ಒಂದೊಂದು ಲೀಟರಿನ ಬಾಟಲಿಗಳು ಮೇಲು. ಒಂದು ಸೋರಿದರೂ ಉಳಿದವು ಇರುತ್ತವೆ. ಮನೆ ಬಿಡುವ ಮುಂಚೆ ಎರಡು ಲೋಟ ಕುಡಿದೇ ಹೊರಡಿ. ಅರ್ಧ ನೀರು ಖಾಲಿಯಾಯಿತೆಂದರೆ, ಗುಡ್ಡದ ನೆತ್ತಿ ಕಣ್ಣೆದುರಿಗೇ ಇದ್ದರೂ ತಿರುಗಿ ಬನ್ನಿ. ಈ ಒಂದು ನಿಯಮಕ್ಕೆ ರಿಯಾಯಿತಿ ಇಲ್ಲ.

ಬೆವರಿನ ಜೊತೆ ಉಪ್ಪೂ ಹೋಗುತ್ತದೆ. ಔಷಧದ ಅಂಗಡಿಯ ಓಆರ್‌ಎಸ್ ಪುಡಿ ಸಿಗದಿದ್ದರೆ ಒಂದು ಲೀಟರ್ ನೀರಿಗೆ ಆರು ಚಹಾ ಚಮಚ ಸಕ್ಕರೆ, ಅರ್ಧ ಚಹಾ ಚಮಚ ಉಪ್ಪು, ಎರಡನ್ನೂ ಸಮತಟ್ಟಾಗಿ ಅಳೆದು ಕಲಸಿ. ತಲೆ ಸುತ್ತು, ವಾಂತಿ, ಮಾತಿನಲ್ಲಿ ತೊದಲು ಕಂಡವರನ್ನು ಮತ್ತೆ ನಡೆಸಬೇಡಿ. ನೆರಳಿಗೆ ಕರೆದೊಯ್ದು, ಮೈ ಒದ್ದೆ ಮಾಡಿ, ಗಾಳಿ ಬೀಸಿ, 108ಕ್ಕೆ ಕರೆ ಮಾಡಿ.

ಹೊರಡುವ ಹೊತ್ತೂ ಸಲಕರಣೆಯಷ್ಟೇ ಮುಖ್ಯ. 1892ರಲ್ಲಿ ಸ್ಕಾಟ್ಲೆಂಡಿನ ವಿಲಿಯಂ ನೈಸ್ಮಿತ್ ಒಂದು ಲೆಕ್ಕ ಕೊಟ್ಟ: ತಾಸಿಗೆ 5 ಕಿ.ಮೀ., ಮೇಲೆ 600 ಮೀಟರ್ ಏರಿಗೆ ಒಂದು ತಾಸು ಹೆಚ್ಚು. ಆದರೆ ಅದು ತಂಪು ನಾಡಿನ ಲೆಕ್ಕ. ನಮ್ಮ ಕಲ್ಲುದಾರಿಗೂ ಬಿಸಿಲಿಗೂ ಬಂದ ಮೊತ್ತದ ಮೇಲೆ ಅರ್ಧದಷ್ಟು ಕೂಡಿಸಿಕೊಳ್ಳಿ. 10 ಕಿ.ಮೀ. ದಾರಿ, 300 ಮೀಟರ್ ಏರು ಇದ್ದರೆ ನೈಸ್ಮಿತ್‌ಗೆ ಎರಡೂವರೆ ತಾಸು, ನಿಮಗೆ ನಾಲ್ಕು ತಾಸಿಗೆ ಸ್ವಲ್ಪ ಕಡಿಮೆ. ಊಟ, ವಿಶ್ರಾಂತಿ ಬೇರೆ. ನಸುಕಿನಲ್ಲಿ ಬುತ್ತಿ ಕಟ್ಟಿ, ಬೆಳಕು ಹರಿದ ಕೂಡಲೇ ಹೊರಟರೆ ಹನ್ನೊಂದರೊಳಗೆ ಮುಖ್ಯ ಏರು ಮುಗಿಯುತ್ತದೆ. ಅಕ್ಟೋಬರಿನಿಂದ ಜನವರಿ ಒಳ್ಳೆಯ ಕಾಲ. ಏಪ್ರಿಲ್, ಮೇ ತಿಂಗಳಲ್ಲಿ ನಡೆಯುವುದು ಸಾಹಸವಲ್ಲ, ಹುಂಬತನ.

ಕಾಲಿಗೆ ಏನು ಹಾಕಬೇಕೆಂದು ಕೇಳುವವರಿಗೆ ಮೊದಲು ನೆಲ ತೋರಿಸಬೇಕು. ಬಳ್ಳಾರಿ ಜಾಲಿಯ ಮುಳ್ಳು ತೆಳು ಅಟ್ಟೆಯನ್ನು ತೂರಿ ಬರುತ್ತದೆ. ಹಾಗಾಗಿ ಗಟ್ಟಿ ಅಟ್ಟೆ ಬೇಕು. ಕುರಿಗಾಹಿಗಳಂತೆ ಮುಳ್ಳು ಕೀಳುವ ಚಿಮಟವೂ ಜೊತೆಗಿರಲಿ. ನನ್ನ ಮಟ್ಟಿಗೆ ಇದು ದಿಕ್ಸೂಚಿಗಿಂತ ಹೆಚ್ಚು ಉಪಯೋಗಕ್ಕೆ ಬರುವ ಸಾಮಾನು. ಗುಡ್ಡದ ಬುಡದ ಎರೆ ಹೊಲಗಳ ಕಥೆ ಬೇರೆ. ಒಂದು ಮಳೆ ಬಿದ್ದರೆ ಸಾಕು, ಆಳವಾದ ಕಚ್ಚುಗಳಿರುವ ದುಬಾರಿ ಬೂಟಿನ ಅಡಿಗೆ ಎರೆಮಣ್ಣು ಮೆತ್ತಿ, ಹತ್ತು ಹೆಜ್ಜೆಗೆ ಒಂದೊಂದು ಕಾಲೂ ಒಂದು ಕೆ.ಜಿ. ತೂಗುತ್ತದೆ. ಅಂಥ ದಿನ ಮಸಾರಿ ನೆಲದ ದಾರಿ ಹಿಡಿಯಿರಿ, ಇಲ್ಲವೇ ಡಾಂಬರಿನ ಅಂಚಿನಲ್ಲಿ ನಡೆಯಿರಿ. ಬೂಟು ಕೊಳ್ಳುವುದು ಸಂಜೆ ಇರಲಿ, ಆ ಹೊತ್ತಿಗೆ ಪಾದ ಉಬ್ಬಿರುತ್ತದೆ. ಪಾದದಲ್ಲಿ ಎಲ್ಲಾದರೂ ಉರಿ ಅನ್ನಿಸಿದ ಕ್ಷಣವೇ ನಿಂತು ಟೇಪು ಸುತ್ತಿ. ಬೊಬ್ಬೆ ಎದ್ದ ಮೇಲೆ ಸುತ್ತಿದರೆ ಬರೀ ಸಮಾಧಾನ.

ದುಡ್ಡು ಸುರಿದರೆ ನಡಿಗೆ ಸಲೀಸಾಗುತ್ತದೆಂಬ ನಂಬಿಕೆಗೆ 1955ರಲ್ಲಿ ಎಮ್ಮಾ ಗೇಟ್‌ವುಡ್ ಎಂಬ 67 ವರ್ಷದ ಅಜ್ಜಿ ಉತ್ತರ ಕೊಟ್ಟಳು. ಕ್ಯಾನ್ವಾಸ್ ಬೂಟು, ತಾನೇ ಹೊಲಿದ ಬಟ್ಟೆಚೀಲ, ಒಂದು ಕಂಬಳಿ, ಮಳೆಗೊಂದು ಪ್ಲಾಸ್ಟಿಕ್ ಪರದೆ ಹಿಡಿದು ಅಪಲಾಚಿಯನ್ ದಾರಿಯನ್ನು ಒಬ್ಬಳೇ ನಡೆದು ಮುಗಿಸಿದಳು. ನಮ್ಮಲ್ಲಿ ಯುಗಾದಿಯ ಮುಂಚೆ ಮಲ್ಲಯ್ಯನ ಕಂಬಿ ಹೊತ್ತು ಶ್ರೀಶೈಲಕ್ಕೆ ಹೋಗುವ ಪಾದಯಾತ್ರಿಗಳೂ ಹೊರುವುದು ಇಷ್ಟೇ. ಆದರೆ ಅವರನ್ನು ಕಣ್ಣು ಮುಚ್ಚಿ ಅನುಕರಿಸಬೇಡಿ. ಅವರ ದಾರಿಯುದ್ದಕ್ಕೂ ಊರೂರಿನವರು ದಾಸೋಹ ನಡೆಸಿ ನೀರು, ಮಜ್ಜಿಗೆ, ಊಟ ಕೊಡುತ್ತಾರೆ. ಕಪ್ಪತಗುಡ್ಡದ ಒಳದಾರಿಯಲ್ಲಿ ಮಜ್ಜಿಗೆ ಹಿಡಿದು ನಿಂತವರು ಯಾರೂ ಇಲ್ಲ.

ಬುತ್ತಿಗೆ ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಉಳ್ಳಾಗಡ್ಡಿ ಸಾಕು. ದಣಿವಿಗೆ ಶೇಂಗಾ ಉಂಡಿ. ಇವು ಬಿಸಿಲಿಗೆ ಹಳಸುವುದಿಲ್ಲ. ಒಣ ತಿನಿಸು ನೀರು ಬೇಡುತ್ತದೆ, ಅದನ್ನೂ ಲೆಕ್ಕಕ್ಕೆ ಹಿಡಿಯಿರಿ.

ಹತ್ತಿ ಬಟ್ಟೆ ಬೇಡ ಎಂಬ ಪುಸ್ತಕದ ಬುದ್ಧಿವಾದ ಚಳಿ, ಮಳೆಯ ನಾಡಿನದು. ಒಣ ಬಿಸಿಲಲ್ಲಿ ಒದ್ದೆ ಹತ್ತಿ ಮೈ ತಂಪಿಡುತ್ತದೆ. ತುಂಬುತೋಳಿನ ಸಡಿಲ ಅಂಗಿ ಹಾಕಿ. ಗಾಳಿಯಂತ್ರಗಳನ್ನು ಸುಮ್ಮನೆ ನೆಟ್ಟಿಲ್ಲ ಇಲ್ಲಿ. ಕೊಡೆ ಮಗುಚುತ್ತದೆ, ಟೋಪಿ ಹಾರುತ್ತದೆ, ತಲೆಗೆ ಬಿಗಿದ ಟುವಾಲು ಮಾತ್ರ ನಿಲ್ಲುತ್ತದೆ.

ಚಿರತೆ, ತೋಳ, ಕತ್ತೆಕಿರುಬ ಇವೆ. ಗುಂಪಾಗಿ ಹಗಲು ನಡೆಯುವವರ ತಂಟೆಗೆ ಅವು ಬರುವುದು ಅಪರೂಪ. ಹೆಚ್ಚು ಎಚ್ಚರ ಬೇಕಾದದ್ದು ಮಂಡಲದ ಹಾವಿನದು. ಕಲ್ಲಿನ ಸಂದಿಗೆ ಕೈ ಹಾಕಬೇಡಿ, ನೋಡದೆ ಕೂರಬೇಡಿ. ಕಚ್ಚಿದರೆ ಕೊಯ್ಯುವುದು, ಹೀರುವುದು, ಬಿಗಿದು ಕಟ್ಟುವುದು ಯಾವುದೂ ಬೇಡ. ಕಚ್ಚಿದ ಅಂಗ ಅಲುಗಾಡದಂತೆ ನೋಡಿಕೊಂಡು ಆಸ್ಪತ್ರೆಗೆ ಹೋಗುವುದೊಂದೇ ದಾರಿ. ಬೆಂಕಿಪೊಟ್ಟಣ, ಬೀಡಿ ಊರಲ್ಲೇ ಬಿಡಿ. ಒಣಗಿದ ಬಾದೆ ಹುಲ್ಲಿಗೆ ಕಿಡಿ ತಾಗಿದರೆ ಗಾಳಿಗೆ ಇಡೀ ಇಳಿಜಾರು ಉರಿಯುತ್ತದೆ. ಅಭಯಾರಣ್ಯದಲ್ಲಿ ಬೆಂಕಿ ಹಚ್ಚುವುದು ಅಪರಾಧವೂ ಹೌದು.

ಹೊಸಬರು ನೇರ ಗುಡ್ಡಕ್ಕೆ ಹೋಗುವ ಬದಲು ಚಳಿಗಾಲದ ಒಂದು ಬೆಳಿಗ್ಗೆ ಶಿರಹಟ್ಟಿಯಿಂದ ಮಾಗಡಿ ಕೆರೆಗೆ ನಡೆಯಲಿ, ಸುಮಾರು 8 ಕಿ.ಮೀ. ಗುಡ್ಡಕ್ಕೆ ಒಯ್ಯುವಷ್ಟೇ ನೀರು, ಬುತ್ತಿ ಹೊತ್ತೇ ನಡೆಯಬೇಕು, ಹೆಗಲಪಟ್ಟಿ ಎಲ್ಲಿ ಒತ್ತುತ್ತದೆ, ಬೂಟು ಎಲ್ಲಿ ಕಚ್ಚುತ್ತದೆ ಎಂದು ತಿಳಿಯಲಿಕ್ಕೆ. 2024ರಲ್ಲಿ ರಾಮ್ಸಾರ್ ಪಟ್ಟಿಗೆ ಸೇರಿದ ಆ ಕೆರೆಯಲ್ಲಿ ಹಿಮಾಲಯ ದಾಟಿ ಬಂದ ಪಟ್ಟೆತಲೆ ಹೆಬ್ಬಾತುಗಳು ಹಗಲಲ್ಲಿ ತಂಗಿರುತ್ತವೆ. ಮಾಗಡಿಯಿಂದ ಲಕ್ಷ್ಮೇಶ್ವರಕ್ಕೆ ಇನ್ನೂ ಸುಮಾರು 11 ಕಿ.ಮೀ. ಕಾಲು ಒಪ್ಪಿದರೆ ನಡೆಯಿರಿ, ಇಲ್ಲದಿದ್ದರೆ ಬಸ್ಸಿಗೆ ಕೈ ಮಾಡಿ.